ಅಂಕಿ ಓದಿ ಲ್ಯಾಪ್‌ಟಾಪ್ ಕೊಳ್ಳೋಣ

ನಮ್ಮೂರಲ್ಲಿ ಫೋಟೋ ಯಾರಿಗೆ ಬೇಡ? ಶಾಲೆ ಸೇರುವ ಮಗುವಿಗೆ ಫೋಟೋ ಬೇಕು. ಬ್ಯಾಂಕಿನ ಅರ್ಜಿಗೆ ಫೋಟೋ ಬೇಕು. ಮದುವೆ, ಸೀಮಂತ, ನಾಮಕರಣ ಇದ್ದೇ ಇವೆ. ಒಂದು ಫೋಟೋಗೆ ಅಂತ ಪೇಟೆಗೆ ಹೋದರೆ ಆ ದಿನದ ಕೂಲಿ ಹೋಯಿತು.

ಈ ಕೆಲಸವನ್ನು ನಮ್ಮ ಸ್ವಸಹಾಯ ಸಂಘವೇ ಮಾಡಿದರೆ ಹೇಗೆ? ಕ್ಯಾಮೆರಾ ಬೇಕು. ಪ್ರಿಂಟರ್ ಬೇಕು. ಫೋಟೋ ತಿದ್ದಲು ಲ್ಯಾಪ್‌ಟಾಪ್ ಬೇಕು.

ಲ್ಯಾಪ್‌ಟಾಪ್ ಅಂದರೆ ಮಡಚಿ ಒಯ್ಯುವ ಕಂಪ್ಯೂಟರ್. ಕಪ್ಪಾಗಿ ಬಂದ ಮುಖವನ್ನು ಅದರಲ್ಲಿ ಬೆಳ್ಳಗೆ ಕಾಣಿಸಬಹುದು. ಫೋಟೋವನ್ನು ಅಳತೆಗೆ ಕತ್ತರಿಸಬಹುದು. ಅರ್ಜಿಗೆ ಅಂಟಿಸುವ ಫೋಟೋ ಸಾಮಾನ್ಯವಾಗಿ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ ಇರುತ್ತದೆ.

ಸಂಘದ ಹಣ ಪುಕ್ಕಟೆ ಬಂದದ್ದಲ್ಲ. ವಾರ ವಾರ ಕೂಡಿಟ್ಟದ್ದು. ಹಾಲು ಮಾರಿ, ಕಳೆ ಕಿತ್ತು ತಂದದ್ದು. ಕೆಲಸಕ್ಕೆ ಬಾರದ ವಸ್ತು ಕೊಂಡರೆ ಸಾಲ ಮಾತ್ರ ಉಳಿಯುತ್ತದೆ. ಆದ್ದರಿಂದ ನೋಡಿ, ಕೇಳಿ, ಓದಿ ಕೊಳ್ಳೋಣ.

ಮೊದಲು ಕೆಲಸ, ಆಮೇಲೆ ವಸ್ತು

ಅಂಗಡಿಗೆ ಹೋಗುವ ಮೊದಲು ಪುಸ್ತಕದಲ್ಲಿ ಬರೆಯೋಣ. ನಮಗೆ ಯಾವ ಕೆಲಸ ಆಗಬೇಕು? ಫೋಟೋ ತಿದ್ದಬೇಕು, ಅಷ್ಟೇ. ಆಟ ಆಡುವವರಿಗೆ ಅಂತ ಬೇರೆ ಲ್ಯಾಪ್‌ಟಾಪ್ ಬರುತ್ತವೆ. ಅವುಗಳ ಬೆಲೆ ಹೆಚ್ಚು, ತೂಕವೂ ಹೆಚ್ಚು. ಅವು ನಮಗೆ ಬೇಡ.

ಅಂಗಡಿಯವರು ಹೇಳಬಹುದು: "ಅಮ್ಮಾ, ಬಣ್ಣ ನೋಡಿ, ಎಷ್ಟು ತೆಳ್ಳಗಿದೆ ನೋಡಿ."

ನಾವು ಹೇಳೋಣ: "ಅಣ್ಣಾ, ಬಣ್ಣ ಆಮೇಲೆ ನೋಡ್ತೀವಿ. ಮೊದಲು ಪೆಟ್ಟಿಗೆ ಮೇಲಿನ ಚೀಟಿ ತೋರಿಸಿ."

ಚೀಟಿಯಲ್ಲಿ ಇಂಗ್ಲಿಷ್ ಅಕ್ಷರ ಇರುತ್ತವೆ. ಹೆದರುವುದು ಬೇಡ. ಅಕ್ಷರ ಬಾರದಿದ್ದರೆ ಓದುವ ಮಕ್ಕಳನ್ನು ಜೊತೆಗೆ ಕರೆದೊಯ್ಯೋಣ. ಅಂಕಿ ನಮಗೆ ಬರುತ್ತದೆ. ಅಂಕಿಯನ್ನು ನಾವೇ ಓದೋಣ.

ನಾಲ್ಕು ವಿಷಯ ನೋಡೋಣ

ಒಂದು, ಪ್ರೊಸೆಸರ್. ಇದು ಅಡುಗೆ ಮಾಡುವ ಕೈ ಇದ್ದಂತೆ. ಕೈ ಚುರುಕಾಗಿದ್ದರೆ ಕೆಲಸ ಬೇಗ. ಕೋರ್ ಐ5 ಅಥವಾ ರೈಜನ್ 5 ಇದ್ದರೆ ನಮ್ಮ ಕೆಲಸಕ್ಕೆ ಸಾಕು. ಸೆಲೆರಾನ್ ಎಂಬುದು ಅಗ್ಗ, ಆದರೆ ಫೋಟೋ ಕೆಲಸಕ್ಕೆ ಬಹಳ ನಿಧಾನ.

ಎರಡು, ರ‍್ಯಾಮ್. ಇದು ಅಡುಗೆ ಕಟ್ಟೆ. ಕಟ್ಟೆ ಚಿಕ್ಕದಾದರೆ ಒಂದು ಪಾತ್ರೆ ಇಳಿಸಿಯೇ ಇನ್ನೊಂದು ಇಡಬೇಕು. 8 ಜಿಬಿಗಿಂತ ಕಡಿಮೆ ಬೇಡವೇ ಬೇಡ. 16 ಜಿಬಿ ಇದ್ದರೆ ಒಳ್ಳೆಯದು. "ರ‍್ಯಾಮ್ ಆಮೇಲೆ ಹೆಚ್ಚಿಸಬಹುದಾ?" ಅಂತ ಕೇಳೋಣ. ಕೆಲವದರಲ್ಲಿ ಆಗುತ್ತದೆ, ಕೆಲವದರಲ್ಲಿ ಆಗುವುದಿಲ್ಲ.

ಮೂರು, ಎಸ್‌ಎಸ್‌ಡಿ. ಇದು ಕಣಜ. ಫೋಟೋ ಉಳಿಯುವುದು ಇಲ್ಲಿ. ಹಳೆಯ ಹಾರ್ಡ್ ಡಿಸ್ಕ್‌ಗಿಂತ ಎಸ್‌ಎಸ್‌ಡಿ ಬಹಳ ವೇಗ. ಒಂದು ಫೋಟೋ 8 ಎಂಬಿ ಅಂತ ಇಟ್ಟುಕೊಳ್ಳೋಣ. ಮದುವೆಯ 1,000 ಫೋಟೋಗೆ ಸುಮಾರು 8 ಜಿಬಿ ಜಾಗ ಬೇಕು. 512 ಜಿಬಿ ಇದ್ದರೆ ಅನುಕೂಲ. ಕಣಜ ಎಷ್ಟೇ ದೊಡ್ಡದಿರಲಿ, ಫೋಟೋಗಳ ಇನ್ನೊಂದು ಪ್ರತಿ ಬೇರೆ ಕಡೆ ಇಡಬೇಕು. ಲ್ಯಾಪ್‌ಟಾಪ್ ಕೆಟ್ಟರೂ ಮದುವೆ ಫೋಟೋ ಉಳಿಯುತ್ತದೆ.

ನಾಲ್ಕು, ಪರದೆ. ಫೋಟೋ ಕೆಲಸದಲ್ಲಿ ಇದನ್ನು ಮರೆಯಬಾರದು. ಪರದೆ ಬಣ್ಣ ತಪ್ಪು ತೋರಿಸಿದರೆ ನಾವು ತಪ್ಪಾಗಿಯೇ ತಿದ್ದುತ್ತೇವೆ. ಚೀಟಿಯಲ್ಲಿ ಐಪಿಎಸ್ ಅಂತ ಇದೆಯೇ ನೋಡೋಣ. ಎಸ್‌ಆರ್‌ಜಿಬಿ ಎಂಬ ಮಾತಿನ ಹತ್ತಿರ ಶೇಕಡಾ 100 ಅಂತ ಇದ್ದರೆ ಬಣ್ಣ ಚೆನ್ನಾಗಿರುತ್ತದೆ. ಶೇಕಡಾ 45 ಎನ್‌ಟಿಎಸ್‌ಸಿ ಅಂತ ಇದ್ದರೆ ಬಣ್ಣ ಪೇಲವ.

ಕಣ್ಣಿನಿಂದಲೂ ಪರೀಕ್ಷೆ ಮಾಡಬಹುದು. ಇಳಕಲ್ ಸೀರೆಯುಟ್ಟವರ ಒಂದು ಫೋಟೋವನ್ನು ಪೆನ್ ಡ್ರೈವ್‌ನಲ್ಲಿ ಒಯ್ಯೋಣ. ಆ ಸೀರೆಯನ್ನೂ ಚೀಲದಲ್ಲಿ ಒಯ್ಯೋಣ. ಪರದೆ ಪಕ್ಕ ಸೆರಗು ಹಿಡಿದು ನೋಡೋಣ. ಕೆಂಪು ಕೆಂಪಾಗಿಯೇ ಕಾಣುತ್ತದೆಯೇ? ಎಡಕ್ಕೆ, ಬಲಕ್ಕೆ ಸರಿದು ನೋಡೋಣ. ಮುಖದ ಬಣ್ಣ ಬದಲಾದರೆ ಆ ಪರದೆ ಬೇಡ.

ಹಳೆಯದು ಕೊಳ್ಳಬಹುದೇ?

ಕೊಳ್ಳಬಹುದು. ಆದರೆ ಎಚ್ಚರ. ವಿಂಡೋಸ್ 10 ಎಂಬ ವ್ಯವಸ್ಥೆಗೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ವಿಂಡೋಸ್ 11 ನಡೆಯುವ ಲ್ಯಾಪ್‌ಟಾಪ್ ಕೇಳೋಣ. ಇಂಟೆಲ್ ಪ್ರೊಸೆಸರ್ ಆದರೆ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಇರಬೇಕು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಅಲ್ಲೇ ನಡೆಸಿ ನೋಡೋಣ.

ಫೋಟೋ ತಿದ್ದುವ ಸಾಫ್ಟ್‌ವೇರ್‌ಗೆ ಬೇರೆ ದುಡ್ಡು ಬೇಕೇ? ಬೇಕೆಂದೇನೂ ಇಲ್ಲ. ಗಿಂಪ್ ಎಂಬುದು ಉಚಿತ. ಅದನ್ನು ಕಲಿತು ಕೆಲಸ ಶುರು ಮಾಡಬಹುದು.

ಸಾಲದ ಲೆಕ್ಕ

ಸಂಘದಿಂದ 40,000 ರೂಪಾಯಿ ಸಾಲ ತೆಗೆದೆವು ಅನ್ನೋಣ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ತಿಂಗಳಿಗೆ ಅಸಲು 2,000 ರೂಪಾಯಿ ಕಟ್ಟಿದರೆ 20 ತಿಂಗಳಲ್ಲಿ ಸಾಲ ತೀರುತ್ತದೆ.

ಮೊದಲ ತಿಂಗಳ ಬಡ್ಡಿ 400 ರೂಪಾಯಿ. ಅಸಲು, ಬಡ್ಡಿ ಸೇರಿ 2,400 ರೂಪಾಯಿ. ಅಸಲು ಇಳಿದಂತೆ ಬಡ್ಡಿಯೂ ಇಳಿಯುತ್ತದೆ. 20 ತಿಂಗಳಿಗೆ ಒಟ್ಟು ಬಡ್ಡಿ 4,200 ರೂಪಾಯಿ.

ಕಾಗದ, ಶಾಯಿ, ಕರೆಂಟು ಕಳೆದು ಒಂದು ಸೆಟ್ ಫೋಟೋಗೆ 30 ರೂಪಾಯಿ ಉಳಿದರೆ, ಮೊದಲ ತಿಂಗಳ ಕಂತಿಗೆ 80 ಸೆಟ್ ಮಾಡಬೇಕು. ಅಂದರೆ ದಿನಕ್ಕೆ ಸುಮಾರು ಮೂರು ಸೆಟ್. ಶಾಲೆ ಶುರುವಾಗುವಾಗ ಗಿರಾಕಿ ಬರುತ್ತಾರೆ. ಮಳೆಗಾಲದಲ್ಲಿ? ಅದನ್ನೂ ಸಂಘದ ಸಭೆಯಲ್ಲಿ ಯೋಚಿಸೋಣ. ಅಷ್ಟು ಗಿರಾಕಿ ಇಲ್ಲ ಅನ್ನಿಸಿದರೆ ಕಡಿಮೆ ಸಾಲ ಮಾಡೋಣ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ.

ರಸೀದಿ ಬಿಡಬಾರದು

ಪೆಟ್ಟಿಗೆ ಮೇಲೆ ಎಂಆರ್‌ಪಿ ಇರುತ್ತದೆ. ಅದರಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಕೊಡಬೇಕಾಗಿಲ್ಲ. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ" ಅಂದರೆ ಒಪ್ಪಬಾರದು. ಬಿಲ್ ಇಲ್ಲದಿದ್ದರೆ ಆಮೇಲೆ ಕೇಳುವ ಹಕ್ಕನ್ನು ಸಾಧಿಸುವುದು ಕಷ್ಟ.

ಬಿಲ್‌ನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ನೋಡೋಣ. ಅದರಲ್ಲಿ ಅಂಕಿ, ಅಕ್ಷರ ಸೇರಿ 15 ಇರುತ್ತವೆ. ಕರ್ನಾಟಕದ ಅಂಗಡಿಯಾದರೆ ಮೊದಲ ಎರಡು ಅಂಕಿ 29. ವಾರಂಟಿ ಎಷ್ಟು ದಿನ ಅಂತ ಬರೆಸಿಕೊಳ್ಳೋಣ. ಬಿಲ್ ಸಂಘದ ಹೆಸರಿನಲ್ಲೇ ಇರಲಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಓದೋಣ, ಉತ್ತರ ಹೇಳೋಣ

1. ಫೋಟೋ ಕೆಲಸಕ್ಕೆ ರ‍್ಯಾಮ್ ಕಡಿಮೆ ಎಂದರೆ ಎಷ್ಟು ಜಿಬಿ ಇರಬೇಕು?

2. ಒಂದು ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್, ಸೆಲೆರಾನ್ ಪ್ರೊಸೆಸರ್ ಇದೆ. ಅಂಗಡಿಯವರು ಜೊತೆಗೆ ಚಂದದ ಚೀಲ ಉಚಿತ ಕೊಡುತ್ತಾರೆ. ಕೊಳ್ಳೋಣವೇ? ಯಾಕೆ?

3. 30,000 ರೂಪಾಯಿ ಸಾಲಕ್ಕೆ ನೂರಕ್ಕೆ ಒಂದು ರೂಪಾಯಿಯಂತೆ ಮೊದಲ ತಿಂಗಳ ಬಡ್ಡಿ ಎಷ್ಟು?

4. ಮನೆಯಲ್ಲಿರುವ ಯಾವುದಾದರೂ ಬಿಲ್ ತನ್ನಿ. ಅದರಲ್ಲಿ 29 ಎಲ್ಲಿದೆ, ಹುಡುಕಿ.