ತುರ್ಕರೂ ಬೌದ್ಧರಾಗಿದ್ದರು

ಮಂಡಿಪೇಟೆಯ ವ್ಯಾಪಾರಿಯೊಬ್ಬರು ವಿಗ್ರಹಕ್ಕೆ ‘ಬುತ್’ ಎಂದುದನ್ನು ಒಮ್ಮೆ ಕೇಳಿದೆನು. ಪಾರಸಿಯಿಂದ ಉರ್ದುವಿಗೆ ಬಂದ ಈ ಪದದ ಮೂಲ ‘ಬುದ್ಧ’ ಎಂಬುದು ವಿದ್ವಾಂಸರ ಮತ. ತುರ್ಕರೆಂದರೆ ಬೌದ್ಧಧರ್ಮವನ್ನು ಅಳಿಸಿದವರೆಂದಷ್ಟೇ ನಾನು ತಿಳಿದಿದ್ದೆನು. ಆದರೆ ಮಧ್ಯ ಏಷ್ಯದ ತುರ್ಫಾನಿನಲ್ಲಿ ಉಯಿಘರ್ ತುರ್ಕರು ತಾವೇ ಬೌದ್ಧರಾಗಿ, ಸೂತ್ರಗಳನ್ನು ತಮ್ಮ ನುಡಿಗೆ ತಂದುಕೊಂಡಿದ್ದರು. ಕಾಷ್ಗರದ ಕರಾಖಾನಿ ತುರ್ಕರು 10ನೆಯ ಶತಮಾನದಲ್ಲಿ ಇಸ್ಲಾಮನ್ನು ಸ್ವೀಕರಿಸಿ, 11ನೆಯ ಶತಮಾನದ ಆರಂಭದ ಹೊತ್ತಿಗೆ ಬೌದ್ಧರಾಜ್ಯವಾದ ಖೋತಾನವನ್ನು ಗೆದ್ದರು. ಯುದ್ಧ ನಡೆದುದು ನಿಜ. ಆದರೂ ತುರ್ಫಾನಿನಲ್ಲಿ ಬೌದ್ಧಧರ್ಮವು ಮತ್ತೆ ಮುನ್ನೂರು ವರ್ಷಗಳಿಗೂ ಮಿಕ್ಕಿ ಬಾಳಿತು.

ಅದೇ 11ನೆಯ ಶತಮಾನದಲ್ಲಿ, 1065ರಲ್ಲಿ, ನಮ್ಮ ಬಳ್ಳಿಗಾವೆಯ ಬೌದ್ಧವಿಹಾರಕ್ಕೆ ದತ್ತಿ ದೊರೆಯಿತೆಂದು ಶಾಸನ ಹೇಳುತ್ತದೆ. ಅಂದರೆ ಒಂದೇ ಕಾಲದಲ್ಲಿ ತುರ್ಕನೂ ಕನ್ನಡಿಗನೂ ಒಬ್ಬನೇ ಬುದ್ಧನಿಗೆ ಕೈಮುಗಿಯುತ್ತಿದ್ದರು. ಜನಾಂಗದ ಹೆಸರಿನಿಂದ ಮತವನ್ನು ಅಳೆಯಬಾರದೆಂದು ಅಂದು ಕಲಿತೆನು.