ಫತ್ತೂಷ್ ಮಾಡುವ ಅಡುಗೆಮನೆಗೆ: ಮಾಡಬೇಕಾದ್ದು, ಮಾಡಬಾರದ್ದು

ಸಾಣಾಪುರ, ಆನೆಗೊಂದಿ ಸುತ್ತಮುತ್ತ ಮನೆಯಲ್ಲೇ ಅತಿಥಿಗಳಿಗೆ ಊಟ ಹಾಕುವವರು ಮತ್ತು ಮನೆಮಂದಿಗಾಗಿ ಈ ತಿನಿಸು ಮಾಡಿಕೊಳ್ಳುವವರು ಇದನ್ನು ಪೂರ್ತಿ ಓದಿ, ಒಲೆಯ ಹತ್ತಿರ ಅಂಟಿಸಿಕೊಳ್ಳಬೇಕು.

ಫತ್ತೂಷ್ ಎಂದರೆ ಲೆಬನಾನ್, ಸಿರಿಯಾ ಕಡೆಯ ಹಸಿ ಪಚಡಿ. ಸವತಿಕಾಯಿ, ಟೊಮೆಟೊ, ಮೂಲಂಗಿ, ಸೊಪ್ಪು, ಪುದೀನ ಹೆಚ್ಚಿ, ಹುಳಿ ಮತ್ತು ಎಣ್ಣೆಯಲ್ಲಿ ಕಲಸಿ, ಗರಿಗರಿ ರೊಟ್ಟಿಯ ಚೂರು ಸೇರಿಸುತ್ತಾರೆ. ಉಳಿದ ರೊಟ್ಟಿ ಹಾಳಾಗದಂತೆ ಬಳಸಿಕೊಳ್ಳುವ ಮನೆಯಡುಗೆ ಇದು. ಪ್ರವಾಸಿಗರು ತಂಗುತ್ತಿದ್ದ ವಿರೂಪಾಪುರ ಗಡ್ಡೆಯ ಹೋಟೆಲುಗಳಲ್ಲಿ ಅದೇ ಕಡೆಯ ಹಮ್ಮಸ್, ಫಲಾಫೆಲ್, ಪೀಟಾ ರೊಟ್ಟಿ ಮೊದಲಿನಿಂದಲೂ ಸಿಗುತ್ತಿದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟುಗಳು ತೆರವಾದವು. ಪ್ರವಾಸಿಗರು ಸಾಣಾಪುರದ ಕಡೆ ಬಂದರು, ಅವರ ಹಿಂದೆ ಆ ಅಡುಗೆಯೂ ಬಂತು. ಕಡಕ್ ರೊಟ್ಟಿ ಜೊತೆ ಹಸಿ ಪಲ್ಯೆ ಕಡಿದುಕೊಂಡು ಉಣ್ಣುವ ನಮಗೆ ಈ ರುಚಿ ದೂರದ್ದಲ್ಲ.

ಎರಡು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಇದರ ಸೊಪ್ಪು, ಕಾಯಿ ಬೆಂಕಿ ಕಾಣುವುದಿಲ್ಲ, ಆದ್ದರಿಂದ ಸ್ವಚ್ಛತೆ ಪೂರ್ತಿ ನಮ್ಮ ಕೈಯಲ್ಲಿದೆ. ರೊಟ್ಟಿ ಮೆತ್ತಗಾದರೆ ಇದು ಫತ್ತೂಷ್ ಅಲ್ಲ.

ನಾಲ್ಕು ಜನಕ್ಕೆ ಬೇಕಾದ್ದು

ಸವತಿಕಾಯಿ 2, ಗಟ್ಟಿ ಟೊಮೆಟೊ 3, ಮೂಲಂಗಿ 1, ಉಳ್ಳಾಗಡ್ಡಿ ತಪ್ಪಲು 4 ಎಳೆ, ಸೊಪ್ಪು ಎರಡು ಹಿಡಿ, ಪುದೀನ ಒಂದು ಹಿಡಿ, ಪೀಟಾ ರೊಟ್ಟಿ ಅಥವಾ ತೆಳು ಚಪಾತಿ 2. ಕಲಸಲು ಎಣ್ಣೆ 3 ದೊಡ್ಡ ಚಮಚ, ನಿಂಬೆರಸ 2 ದೊಡ್ಡ ಚಮಚ, ದಾಳಿಂಬೆ ಪಾಕ 1 ದೊಡ್ಡ ಚಮಚ, ಸುಮಾಕ್ ಎಂಬ ಹುಳಿ ಪುಡಿ 2 ಸಣ್ಣ ಚಮಚ, ಬೆಳ್ಳುಳ್ಳಿ 1 ಎಸಳು, ಉಪ್ಪು.

ಸೊಪ್ಪು ಮತ್ತು ಕಾಯಿ

ಮಾಡಬೇಕಾದ್ದು:

- ಗೋಳಿ ಪಲ್ಯೆ ಸಿಕ್ಕರೆ ಅದನ್ನೇ ಹಾಕಿ. ಲೆಬನಾನಿನವರು ಫತ್ತೂಷಿಗೆ ಹಾಕುವುದೂ ಇದೇ ಸೊಪ್ಪನ್ನು. ದಪ್ಪ ಎಲೆ, ತುಸು ಹುಳಿ, ಕಡಿದರೆ ಕರಕರ. ಸಿಗದಿದ್ದರೆ ಎಳೆಯ ಹಕ್ಕರಕಿ ಆಗುತ್ತದೆ.
- ಗೋಳಿ ಪಲ್ಯೆಯ ದಂಟು ಮುರಿದು ನೋಡಿ. ನೀರಿನಂಥ ರಸ ಬಂದರೆ ಸರಿ. ಹಾಲು ಬಂದರೆ ಅದು ಗೋಳಿ ಅಲ್ಲ, ನೆಲಕ್ಕೆ ಹಾಗೆಯೇ ಹಬ್ಬುವ ಬೇರೆ ಕಳೆ. ಎಸೆಯಿರಿ. ಹಕ್ಕರಕಿಗೆ ಹಾಲು ಸಹಜ. ಈ ಪರೀಕ್ಷೆ ಅದಕ್ಕಲ್ಲ.
- ಅಗಲ ಪಾತ್ರೆಯಲ್ಲಿ ಕುಡಿಯುವ ನೀರು ತುಂಬಿ ಸೊಪ್ಪು ಅದ್ದಿ, ಕೈಯಿಂದ ಮೇಲೆತ್ತಿ. ಮಣ್ಣು ತಳದಲ್ಲೇ ಉಳಿಯುತ್ತದೆ. ತಳದಲ್ಲಿ ಮಣ್ಣು ಕಾಣದಾಗುವವರೆಗೆ ನೀರು ಬದಲಿಸಿ.
- ತೊಳೆದ ಸೊಪ್ಪನ್ನು ಶುಭ್ರ ಹತ್ತಿಬಟ್ಟೆಯ ಮೇಲೆ ಹರಡಿ, ಎಲೆ ಮುಟ್ಟಿದರೆ ಕೈಗೆ ನೀರು ಹತ್ತದಷ್ಟು ಆರಿಸಿ.
- ಪ್ರತಿ ಸವತಿಕಾಯಿಯ ತುದಿ ಕೊಯ್ದು ರುಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಡಿ. ಆ ಕಹಿ ಹೊಟ್ಟೆ ಕೆಡಿಸುತ್ತದೆ.

ಮಾಡಬಾರದ್ದು:

- ಕಳೆನಾಶಕ, ಕೀಟನಾಶಕ ಹೊಡೆದ ಭತ್ತದ ಗದ್ದೆಯ ಬದುವಿನಿಂದ ಸೊಪ್ಪು ಕೀಳಬಾರದು. ಗದ್ದೆಯವರನ್ನು ಕೇಳದೆ ಕೀಳಲೇಬಾರದು.
- ಕಾಲುವೆ ಅಥವಾ ಕೆರೆಯ ನೀರಿನಲ್ಲಿ ತೊಳೆಯಬಾರದು. ಬೇಯಿಸುವ ಪಲ್ಯೆಗೆ ನಡೆಯುವ ರೂಢಿ ಹಸಿ ಪಚಡಿಗೆ ನಡೆಯುವುದಿಲ್ಲ.
- ಕೋಳಿ, ಮೀನು ಕೊಯ್ದ ಹಲಗೆ ಮತ್ತು ಚಾಕು ಬಳಸಬಾರದು. ಹಸಿ ಕಾಯಿಗೆ ಬೇರೆಯದೇ ಇಡಿ.
- ಮೂತ್ರಪಿಂಡದಲ್ಲಿ ಕಲ್ಲು ಇರುವವರಿಗೆ ಗೋಳಿ ಪಲ್ಯೆ ಬಡಿಸಬಾರದು. ಅದರಲ್ಲಿ ಆಕ್ಸಲೇಟ್ ಹೆಚ್ಚು.

ರೊಟ್ಟಿ

ಮಾಡಬೇಕಾದ್ದು:

- ನಿನ್ನೆಯ ರೊಟ್ಟಿ ಬಳಸಿ. ತೇವ ಕಡಿಮೆ ಇರುವುದರಿಂದ ಬೇಗ ಗರಿಯಾಗುತ್ತದೆ. ಬೂಸ್ಟು ಹಿಡಿದದ್ದನ್ನು ಮಾತ್ರ ಕೈಯಲ್ಲೂ ಹಿಡಿಯಬೇಡಿ.
- ಬೆರಳಗಲದ ಚೂರು ಮಾಡಿ, ಎಣ್ಣೆ ಸವರಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಹೊಂಬಣ್ಣ ಬರುವವರೆಗೆ ಸುಡಿ. ಸವರಿದ ಎಣ್ಣೆಯೇ ಆಮೇಲೆ ಕಾಯಿಯ ನೀರು ಒಳಗಿಳಿಯದಂತೆ ಸ್ವಲ್ಪ ಹೊತ್ತು ತಡೆಯುತ್ತದೆ.
- ಕರಿಯುವುದಾದರೆ ಒಂದು ಚೂರು ಹಾಕಿ ನೋಡಿ. ಕೂಡಲೇ ಗುಳ್ಳೆ ಎದ್ದು ಮೇಲೆ ತೇಲಿದರೆ ಎಣ್ಣೆ ಕಾದಿದೆ. ಕರಿದದ್ದನ್ನು ಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿ.
- ಕಡಕ್ ಜೋಳದ ರೊಟ್ಟಿ ಬಳಸುವುದಾದರೆ ಕರಿಯುವ ಗೊಡವೆ ಬೇಡ. ಹಂಚಿನ ಮೇಲೆ ಬಿಸಿ ಮಾಡಿ ಮುರಿದರೆ ಸಾಕು.

ಮಾಡಬಾರದ್ದು:

- ಬಿಸಿ ಚೂರುಗಳನ್ನು ಡಬ್ಬಿಗೆ ಹಾಕಿ ಮುಚ್ಚಬಾರದು. ಒಳಗಿನ ಉಗಿಯೇ ಅವನ್ನು ಮೆತ್ತಗೆ ಮಾಡುತ್ತದೆ.
- ಮಿರ್ಚಿ ಭಜಿ ಕರಿದು ಕಪ್ಪಾದ ಎಣ್ಣೆಯಲ್ಲಿ ಕರಿಯಬಾರದು.
- ಗೋಧಿ ಆಗದವರಿಗೆ ಜೋಳದ ರೊಟ್ಟಿ ಎಂದಷ್ಟೇ ಹೇಳಿ ಬಡಿಸಬಾರದು. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಹಿಟ್ಟಿನಲ್ಲಿ ಗೋಧಿ ಸೇರುತ್ತದೆ. ಜೋಳಕ್ಕಷ್ಟೇ ಇರುವ ಗಿರಣಿಯ ಹಿಟ್ಟು, ಬೇರೆ ಹಂಚು ಇದ್ದರೆ ಮಾತ್ರ ಕೊಡಿ.

ಹುಳಿ, ಎಣ್ಣೆ

ಮಾಡಬೇಕಾದ್ದು:

- ದಾಳಿಂಬೆ ಪಾಕ ಮನೆಯಲ್ಲೇ ಮಾಡಿ. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ತೋಟಗಳಿರುವಾಗ ಹೊರದೇಶದ ಬಾಟಲಿ ಯಾಕೆ? ನಾಲ್ಕು ಕಪ್ ರಸಕ್ಕೆ ಅರ್ಧ ಕಪ್ ಸಕ್ಕರೆ, ಕಾಲು ಕಪ್ ನಿಂಬೆರಸ ಹಾಕಿ, ಸುಮಾರು ಒಂದು ಕಪ್ಪಿಗೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ಚಮಚದ ಬೆನ್ನಿಗೆ ಅಂಟಿ ನಿಂತರೆ ಇಳಿಸಿ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ.
- ಸುಮಾಕ್ ಸಿಗದಿದ್ದರೆ ಅರ್ಧ ಅಳತೆ ಆಮ್‌ಚೂರ್ ಹಾಕಿ. ಆಮ್‌ಚೂರಿನ ಹುಳಿ ಜೋರು.
- ಆಲಿವ್ ಎಣ್ಣೆ ಇಲ್ಲದಿದ್ದರೆ ಕುಸುಬಿ ಎಣ್ಣೆ ಹಾಕಿ.

ಮಾಡಬಾರದ್ದು:

- ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಕುದಿಸಬಾರದು. ಹುಳಿ ಲೋಹವನ್ನು ಕರಗಿಸುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು.
- ಶೇಂಗಾ ಎಣ್ಣೆ ಬಳಸಿದ್ದನ್ನು ಅತಿಥಿಗಳಿಂದ ಮುಚ್ಚಿಡಬಾರದು. ಶೇಂಗಾ ಆಗದವರಿಗೆ ಅದು ಜೀವದ ಪ್ರಶ್ನೆ. ಸುಮಾಕ್ ಅಥವಾ ಮಾವಿನ ಆಮ್‌ಚೂರ್ ಹಾಕಿದ್ದನ್ನು ಗೇರುಬೀಜ ಆಗದವರಿಗೂ ಮೊದಲೇ ತಿಳಿಸಿ: ಸುಮಾಕ್, ಮಾವು, ಗೇರು ಒಂದೇ ಕುಟುಂಬದ ಗಿಡಗಳು.
- ಬೆಳ್ಳುಳ್ಳಿ ಜಜ್ಜಿ ಹಾಕಿದ ಎಣ್ಣೆಯನ್ನು ಹೊರಗೆ ಇಟ್ಟು ಮರುದಿನ ಬಳಸಬಾರದು. ಗಾಳಿಯಾಡದ ಎಣ್ಣೆಯೊಳಗೆ ಬಾಟುಲಿಸಂ ತರುವ ರೋಗಾಣು ಬೆಳೆಯಬಲ್ಲದು, ವಾಸನೆಯಲ್ಲಿ ತಿಳಿಯುವುದಿಲ್ಲ. ಆಗಿಂದಾಗಲೇ ಕಲಸಿ, ಉಳಿದದ್ದನ್ನು ಚೆಲ್ಲಿ.

ಕಲಸುವುದು, ಬಡಿಸುವುದು

ಮಾಡಬೇಕಾದ್ದು:

- ಟೊಮೆಟೊದ ಬೀಜ, ನೀರು ತೆಗೆದು ಹೆಚ್ಚಿ. ಕಾಯಿಗಳನ್ನು ದಪ್ಪ ಹೋಳಾಗಿ ಕೊಯ್ಯಿರಿ. ಸಣ್ಣಗೆ ಕೊಚ್ಚಿದಷ್ಟೂ ನೀರು ಬಿಡುತ್ತದೆ.
- ಉಣ್ಣುವವರು ಕುಳಿತ ಮೇಲೆ ಕಲಸಿ. ಮೊದಲು ಕಾಯಿ ಮತ್ತು ಹುಳಿ, ಆಮೇಲೆ ಸೊಪ್ಪು, ಎಲ್ಲಕ್ಕಿಂತ ಕಡೆಗೆ ರೊಟ್ಟಿ. ಕೈ ಎರಡು ಸಲ ಆಡಿಸಿದರೆ ಸಾಕು. ಮೇಲೆ ಚಿಟಿಕೆ ಸುಮಾಕ್ ಉದುರಿಸಿ.
- ತಡವಾಗಿ ಬರುವವರಿದ್ದರೆ ಕಾಯಿ, ಹುಳಿ, ರೊಟ್ಟಿ ಮೂರನ್ನೂ ಬೇರೆಬೇರೆ ಇಡಿ.

ಮಾಡಬಾರದ್ದು:

- ಹೆಚ್ಚಿದ ಕೂಡಲೇ ಉಪ್ಪು ಹಾಕಬಾರದು. ಉಪ್ಪು ನೀರು ಎಳೆಯುತ್ತದೆ, ರೊಟ್ಟಿ ಅದನ್ನು ಕುಡಿಯುತ್ತದೆ.
- ಹೆಚ್ಚಿದ ಕಾಯಿಯನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು. ನಮ್ಮ ಬೇಸಿಗೆಯಲ್ಲಿ ಒಂದೇ ತಾಸು.
- ಕಲಸಿದ್ದು ಉಳಿದರೆ ರಾತ್ರಿಗೆ ಎತ್ತಿಡಬಾರದು, ಇನ್ನೊಬ್ಬ ಅತಿಥಿಯ ತಟ್ಟೆಗೆ ಸೇರಿಸಲೇಬಾರದು. ಕಡಿಮೆ ಕಲಸಿ, ಬೇಕೆಂದವರಿಗೆ ಮತ್ತೆ ಕಲಸಿ ಕೊಡಿ.
- ಜ್ವರ, ಭೇದಿ, ಕೈಗೆ ಗಾಯ ಇರುವವರು ಅಂದು ಈ ಪಚಡಿಗೆ ಕೈ ಹಾಕಬಾರದು. ಒಲೆ ಮುಂದಿನ ಬೇರೆ ಕೆಲಸವೂ ಬೇಡ, ಅವರಿಗೆ ವಿಶ್ರಾಂತಿ ಕೊಡಿ.

ಜೋಳದ ರೊಟ್ಟಿ, ಹಕ್ಕರಕಿ ಹಾಕಿ ಮಾಡಿದ್ದನ್ನು ಹಾಗೆಂದೇ ಹೇಳಿ ಬಡಿಸಿ. ಅದು ಲೆಬನಾನಿನ ಪದ್ಧತಿಯಲ್ಲಿ ನಮ್ಮ ನೆಲದ ಪಚಡಿ. ಹೇಳಿಕೊಳ್ಳಲು ಸಂಕೋಚಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಏನೇನು ಹಾಕಿದ್ದೀರೆಂದು ಕೇಳಿದವರಿಗೆ ಒಂದೂ ಬಿಡದೆ ಹೇಳುವುದು ಬಡಿಸುವವರ ಕರ್ತವ್ಯ.