ಓಟಿಪಿ ಯಾರ ಫೋನಿಗೆ ಬರುತ್ತದೆ?

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಸಂಬಳ ಬ್ಯಾಂಕಿಗೆ ಬೀಳುತ್ತದೆ, ಮುಂದಿನದ್ದೆಲ್ಲ ಯಜಮಾನರೇ ನೋಡಿಕೊಳ್ಳುತ್ತಾರೆ. ಅವರ ಮೇಲೆ ದೂರೇನೂ ಇಲ್ಲ. ಆದರೆ ಬ್ಯಾಂಕಿನವರು ಏನಾದರೂ ಕೇಳಿದರೆ ನನಗೆ ಬಾಯಿ ಕಟ್ಟಿಹೋಗುತ್ತದೆ. ಸ್ಟಾಫ್ ರೂಮಿನ ಚೀಟಿ ನಡೆಸುವುದು ನಾನೇ, ಆದರೂ ದುಡ್ಡಿನ ವ್ಯವಹಾರ ತಿಳಿಯದು ಅನ್ನಿಸುತ್ತದೆ. ಎಲ್ಲರೂ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಶುರು ಮಾಡು ಅನ್ನುತ್ತಾರೆ. ನಾನು ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಚೀಟಿ ನಡೆಸುವವರಿಗೆ ದುಡ್ಡಿನ ವ್ಯವಹಾರ ತಿಳಿಯದು ಎಂದರೆ ನಾನು ನಂಬುವುದಿಲ್ಲ. ಯಾರಿಗೆ ತುರ್ತಿದೆ, ಯಾರು ಎಷ್ಟು ಬಿಟ್ಟು ಕೂಗುತ್ತಾರೆ, ಚೀಟಿ ಎತ್ತಿದ ಮೇಲೆ ಯಾರು ಕಂತು ತಪ್ಪಿಸಿಯಾರು ಎಂದೆಲ್ಲ ತೂಗಿ ನೋಡುವುದಕ್ಕೇ ಬ್ಯಾಂಕಿನವರು ಸಾಲದ ವಿಭಾಗ ಇಟ್ಟಿರುತ್ತಾರೆ. (ನೋಂದಣಿಯಿಲ್ಲದ ಚೀಟಿಗೆ 1982ರ ಚಿಟ್ ಫಂಡ್ ಕಾಯ್ದೆಯ ರಕ್ಷಣೆ ಇಲ್ಲ, ಯಾರಾದರೂ ಕೈಕೊಟ್ಟರೆ ನೀವೇ ಕಟ್ಟಬೇಕಾದೀತು. ಅದು ಬೇರೆ ಮಾತು.) ನಿಮ್ಮ ಬಾಯಿ ಕಟ್ಟುವುದು ನಿಮ್ಮದೇ ಹೆಸರಿನ ಕಾಗದಗಳನ್ನು ನೀವು ಬಿಡಿಸಿ ನೋಡಿಲ್ಲದ್ದರಿಂದ ಇರಬೇಕು.

ಮೊದಲು ಒಂದು ವಿಷಯ ಪತ್ತೆ ಮಾಡಿ. ನಿಮ್ಮ ಸಂಬಳದ ಖಾತೆಯ ಓಟಿಪಿ ಯಾರ ಫೋನಿಗೆ ಬರುತ್ತದೆ? ಖಾತೆ ತೆರೆದ ದಿನ ಅರ್ಜಿ ತುಂಬಿದವರು ತಮ್ಮ ನಂಬರನ್ನೇ ಬರೆದುಬಿಟ್ಟಿರುವುದು ನಮ್ಮ ಮನೆಗಳಲ್ಲಿ ತೀರಾ ಮಾಮೂಲು. ಅದರಲ್ಲಿ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಆದರೆ ಫಲ ಒಂದೇ: ಹಣ ನಿಮ್ಮದು, ಬೀಗದ ಕೈ ಇನ್ನೊಬ್ಬರದು. ಮೊದಲು ಆಧಾರ್‌ಗೆ ನಿಮ್ಮ ನಂಬರು ಸೇರಿಸಿ, ಆಮೇಲೆ ಬ್ಯಾಂಕ್ ಶಾಖೆಗೆ ಹೋಗಿ ಅರ್ಜಿ ಕೊಟ್ಟು ಅಲ್ಲಿನದ್ದು ಬದಲಿಸಿ, ಕೊನೆಗೆ ಪಿಎಫ್ (ಭವಿಷ್ಯನಿಧಿ) ಖಾತೆಯದ್ದು. ಆಧಾರ್‌ನದ್ದು ಮೊದಲಾಗಬೇಕು, ಏಕೆಂದರೆ ಪಿಎಫ್ ಕೆಲಸಕ್ಕೆ ಬರುವ ಓಟಿಪಿ ಆಧಾರ್‌ಗೆ ಜೋಡಿಸಿದ ಫೋನಿಗೇ ಬರುತ್ತದೆ.

ಈಗ ಪಿಎಫ್. ಸಂಬಳದ ಚೀಟಿಯಲ್ಲಿ ಯುಎಎನ್ ಎಂಬ 12 ಅಂಕಿಯ ಸಂಖ್ಯೆ ಇರುತ್ತದೆ. ಅದಕ್ಕೆ ಜೋಡಿಸಿದ ಫೋನಿನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬಾಕಿ ಎಷ್ಟೆಂದು ಮೆಸೇಜ್ ಬರುತ್ತದೆ. ಉಮಂಗ್ ಆ್ಯಪ್‌ನಲ್ಲಿ ಪೂರ್ತಿ ಪಾಸ್‌ಬುಕ್ ಸಿಗುತ್ತದೆ. ತೆರೆದಾಗ ಮೂರು ಕಾಲಂ ಕಾಣುತ್ತವೆ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ. ನಿಮ್ಮ ಮೂಲವೇತನ 15,000 ಎಂದಿಟ್ಟುಕೊಳ್ಳೋಣ. ನಿಮ್ಮಿಂದ ಶೇ. 12, ಅಂದರೆ 1,800 ರೂಪಾಯಿ ಹಿಡಿಯುತ್ತಾರೆ. ಶಾಲೆಯೂ ಅಷ್ಟೇ ಕಟ್ಟಬೇಕು, ಆದರೆ ಅದರಲ್ಲಿ 1,250 ಪಿಂಚಣಿಗೆ ಹೋಗಿ ಮಾಲೀಕರ ಕಾಲಂನಲ್ಲಿ 550 ಮಾತ್ರ ಕಾಣುತ್ತದೆ. ‘ಶಾಲೆಯವರು ಕಡಿಮೆ ಕಟ್ಟಿ ಮೋಸ ಮಾಡಿದ್ದಾರೆ’ ಎಂದು ಬಹಳ ಜನ ಗಾಬರಿಯಾಗುವುದು ಇದನ್ನು ನೋಡಿಯೇ. ಮೋಸ ಹಿಡಿಯಬೇಕಾದರೆ ತಿಂಗಳುಗಳ ಸಾಲು ನೋಡಿ. ಸಂಬಳದಲ್ಲಿ ಹಿಡಿದ ತಿಂಗಳು ಪಾಸ್‌ಬುಕ್ಕಿನಲ್ಲಿ ಖಾಲಿಯಿದ್ದರೆ ಮೊದಲು ಶಾಲೆಯ ಆಫೀಸಿನಲ್ಲಿ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಭವಿಷ್ಯನಿಧಿ ಕಚೇರಿಗೆ ದೂರು ಕೊಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಆ ಕಾಲಂಗೆ ಮೊದಲಿಂದಲೂ ದುಡ್ಡು ಬಿದ್ದಿದ್ದರೆ ನಿಮಗೆ ಅದು ಆಗಲೇ ಆಗಿದೆ.

ಇದೆಲ್ಲ ಓದಿದವರ ವಿದ್ಯೆ ಎನ್ನಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತುಂಬಿದವರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಂಗಸರು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ನಲವತ್ತು ದಾಟುವ ಮುಂಚೆಯೇ ಹೊಲಿಗೆ ಮಿಷನ್ ಬಿಡಬೇಕಾಗಿ ಬರುವವರಿಗೆ 58 ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಏಪ್ರಿಲ್ 19ರಂದು ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಕಲ್ಲು ತೂರಾಟವೂ ಬೆಂಕಿಯೂ ಆದವು, ಅದನ್ನು ಮೆಚ್ಚಲಾರೆ. ಆದರೆ ತಮ್ಮ ಪಿಎಫ್ ಮೇಲೆ ಅವರಿಗಿದ್ದ ಕಣ್ಣು ನಮ್ಮ ಸ್ಟಾಫ್ ರೂಮುಗಳಲ್ಲಿ ಇಲ್ಲ. ಅಲ್ಲಿ ಚಿನ್ನದ ರೇಟು ಎಲ್ಲರಿಗೂ ಬಾಯಿಪಾಠ.

ಪಿಎಫ್ ಆದ ಮೇಲೆ ಇನ್ನೊಂದು ಕಾಗದ: ಮನೆ ಸಾಲಕ್ಕೆ ಯಜಮಾನರ ಜೊತೆ ಸಹಿ ಹಾಕಿದ್ದೀರಾ? ಹಾಕಿದ್ದರೆ ಪೂರ್ತಿ ಸಾಲಕ್ಕೆ ನೀವೂ ಹೊಣೆ. ಹಾಗಾದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರಿದೆಯೇ ಎಂದೂ ನೋಡಿ.

ನಾಮಿನಿ ಮತ್ತು ಉಯಿಲಿನ ವಿಷಯ ಹೆಂಗಸರಿಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾರಾಯಣಿದೇವಿ ಎಂಬವರಿಗೆ 1955ರಲ್ಲಿ ಮದುವೆಯಾಯಿತು. ಮೂರು ತಿಂಗಳೊಳಗೆ ಗಂಡ ತೀರಿಕೊಂಡರು, ಅತ್ತೆಮನೆಯವರು ಹೊರಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು. 1996ರಲ್ಲಿ ಅವರು ಉಯಿಲು ಬರೆಯದೆ ತೀರಿಕೊಂಡಾಗ ಬ್ಯಾಂಕಿನಲ್ಲಿ, ಪಿಎಫ್‌ನಲ್ಲಿ ದೊಡ್ಡ ಮೊತ್ತವಿತ್ತು. ತಾಯಿ ಕೇಳಿದರು, ಗಂಡನ ಸೋದರಿಯ ಮಕ್ಕಳೂ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಹಣವನ್ನು ಗಂಡನ ಕಡೆಯವರಿಗೇ ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಹೇಳುವುದೇ ಹಾಗೆ: ಗಂಡನೂ ಮಕ್ಕಳೂ ಇಲ್ಲದಿದ್ದರೆ ಹೆಂಗಸು ದುಡಿದಿಟ್ಟ ಆಸ್ತಿಗೆ ಗಂಡನ ವಾರಸುದಾರರು ಮುಂದೆ, ಹೆತ್ತವರು ಆಮೇಲೆ. ಗಂಡ, ಮಕ್ಕಳು ಇದ್ದರೆ ಅವರಿಗೆ ಸಮಪಾಲು, ಆಗಲೂ ತಾಯಿಗಿಲ್ಲ. ನೀವು ಈ ಕಾಯ್ದೆಗೆ ಸೇರಿದವರಾಗಿದ್ದು, ನಿಮ್ಮ ಅಮ್ಮ ನಿಮ್ಮನ್ನೇ ನೆಚ್ಚಿಕೊಂಡಿದ್ದರೆ ಉಯಿಲು ಬರೆಯಿರಿ. ಬಿಳಿ ಹಾಳೆ ಸಾಕು. ಸ್ಟಾಂಪ್ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಮದುವೆಗೆ ಮುಂಚೆ ಪಿಎಫ್‌ಗೆ ಕೊಟ್ಟ ನಾಮಿನಿ ಹೆಸರನ್ನು ನೆಚ್ಚಿ ಕೂರಬೇಡಿ, ಹೊಸದಾಗಿ ಕೊಡಿ.

ಎಸ್‌ಐಪಿ ಬೇಡ ಎನ್ನುತ್ತಿಲ್ಲ. ಅದನ್ನು ಫೋನಿನಲ್ಲೇ ಶುರು ಮಾಡಬಹುದು, ಆದ್ದರಿಂದ ಅವಸರವಿಲ್ಲ. ಮೂರು ತಿಂಗಳ ಮನೆಖರ್ಚಿನಷ್ಟು ನಿಮ್ಮೊಬ್ಬರ ಹೆಸರಿನ ಖಾತೆಯಲ್ಲಿ ಕೂಡಿದ ಮೇಲೆ ತಿಂಗಳಿಗೆ 500 ರೂಪಾಯಿಯಿಂದ ಆರಂಭಿಸಿ. ಅದರ ಓಟಿಪಿಯೂ ನಿಮ್ಮ ಫೋನಿಗೇ ಬರಲಿ.